ಬೀರುವಿನ ಹಿಂದಿನ ಗೋಡೆ

ಜುಲೈ ಒಂಬತ್ತು, ಮಂಗಳವಾರ, ಬೆಳಿಗ್ಗೆ ಆರು ಇಪ್ಪತ್ತು. ಹತ್ತನೇ ತಾರೀಕಲ್ಲ ಅಕ್ಕಾ, ಆಸ್ಪತ್ರೆ ಚೀಟೀಲಿ ತಪ್ಪು ಬರೆದಿದ್ದಾರೆ. ಆಂಬುಲೆನ್ಸಿಗೆ ಫೋನ್ ಮಾಡಿದ್ದು ನಾನಲ್ವಾ, ಗಡಿಯಾರ ನೋಡ್ಕೊಂಡೇ ಮಾಡಿದ್ದು. ನೀನು ಗಿಣೀನ ಎತ್ಕೊಂಡು ಮೆಟ್ಟಿಲ ಹತ್ರ ನಿಂತಿದ್ದೆ. ಮಗು ತುಟಿ ಆಗಲೇ ನೀಲಿ... ಇರಲಿ.

ಯಾಕೆ ನಗ್ತೀಯಾ?

'ಅಳತೆ' ಅಂತಾನಾ? ಅನ್ನು, ಪರವಾಗಿಲ್ಲ. ಚಿಕ್ಕೋಳಿದ್ದಾಗಿಂದ ಅನ್ನಿಸ್ಕೊಂಡಿದೀನಿ. ಅಮ್ಮ ಹಾಲು ಕೊಟ್ರೆ ನಿನ್ನ ಲೋಟ, ನನ್ನ ಲೋಟ ಪಕ್ಕಪಕ್ಕ ಇಟ್ಟು ಬಗ್ಗಿ ನೋಡ್ತಿದ್ದೆ. ಈಗ ಅದಕ್ಕೇ ಸಂಬಳ ಕೊಡ್ತಾರೆ. ಕಂಡವರ ಮನೆ ಗೋಡೆಗೆಲ್ಲ ಜ್ವರ ನೋಡೋ ಕೆಲಸ.

ಕೂತ್ಕೋ. ಐದು ದಿನ ಆ ಬೆಂಚಲ್ಲಿ ಕೂತು ಬೆನ್ನು ಹೋಗಿರುತ್ತೆ. ಕುರ್ಚಿ ತರ್ಲಾ? ಬೇಡ್ವಾ? ನಿಂತೇ ಇರ್ತೀಯಾ. ಸರಿ. ಸ್ವಲ್ಪ ಈ ಕಡೆ ಬಾ, ಬೀರುಗೆ ಒರಗಬೇಡ.

ಗಿಣಿ ಕೋಣೆ ಕಿಟಕಿ ಗೋಡೆ ಹನ್ನೆರಡು. ನೋಡು, ಈ ಎರಡು ಸೂಜಿ ಗಾರೆಗೆ ಒತ್ತಿದ್ರೆ ಸಾಕು, ಮೀಟರಲ್ಲಿ ಅಂಕಿ ಬರುತ್ತೆ. ಹದಿನೈದರ ಒಳಗಿದ್ರೆ ಒಣ. ಇಪ್ಪತ್ತು ದಾಟಿದ್ರೆ ಒದ್ದೆ. ಎಷ್ಟು ಸಲ ಹೇಳಿದೀನಿ, ನೀನು ಯಾವತ್ತು ಕಿವಿಗೆ ಹಾಕ್ಕೊಂಡಿದೀಯಾ... ಪೆನ್ಸಿಲ್ ಎಲ್ಲಿ? ಇಲ್ಲೇ ಇತ್ತು. ಕಿವಿ ಮೇಲಾ? ಅಯ್ಯೋ. ಕಿವಿ ಮೇಲೆ ಇಟ್ಕೊಂಡು ಕೋಣೆಯೆಲ್ಲ ಹುಡುಕ್ತಿದೀನಿ.

ಸೂಜಿ ಚುಚ್ಚಿದ ಕಡೆ ಒಂದು ಸೊನ್ನೆ. ಸೊನ್ನೆ ಒಳಗೆ ಹನ್ನೆರಡು. ಕೆಳಗೆ ಇವತ್ತಿನ ತಾರೀಕು, ಜುಲೈ ಹದಿಮೂರು. ಗೋಡೆ ಮೇಲೇ ಬರೀಬೇಕು. ಪುಸ್ತಕದಲ್ಲಿ ಮಾತ್ರ ಬರೆದ್ರೆ ಮುಂದಿನ ಸಲ ಬರೋರಿಗೆ ಯಾವ ಜಾಗ ಅಂತ ತಿಳಿಯಲ್ಲ. ಕೆಲಸಕ್ಕೆ ಸೇರಿದ ದಿನ ನಮ್ಮ ಹಿರಿಯರು ಹೇಳಿಕೊಟ್ಟಿದ್ದು ಅದೊಂದೇ. ಈಗ ಕೈ ತಾನಾಗೇ ಮಾಡುತ್ತೆ. ಮೊನ್ನೆ ಬ್ಯಾಂಕಲ್ಲಿ ಸಾಲಲ್ಲಿ ನಿಂತಿದ್ದೆ, ಪಕ್ಕದ ಗೋಡೆ ಮುಟ್ಟಿ ನೋಡಿದೀನಿ, ಪೆನ್ಸಿಲ್ ತೆಗೆದು ಸೊನ್ನೆ ಸುತ್ತಿದೀನಿ. ಕಾವಲುಗಾರ ಬಂದು 'ಏನಮ್ಮಾ, ಬ್ಯಾಂಕಿಗೆ ಕನ್ನ ಹಾಕೋಕೆ ಗುರುತಾ' ಅಂದ.

ಅದಕ್ಕೂ ನಗು ಬರ್ಲಿಲ್ವಾ. ಸರಿ.

ಬಾಗಿಲ ಗೋಡೆ ಹನ್ನೊಂದು. ಮಂಚದ ತಲೆ ಕಡೆ... ಹದಿನಾಲ್ಕು. ನಾಲ್ಕನೇದು ಬೀರು ಹಿಂದೆ ಇದೆ. ಅದನ್ನ ನೀನು ಆಸ್ಪತ್ರೆಗೆ ಹೋದ ಮೇಲೆ ನಾನೊಬ್ಬಳೇ ಸರಿಸಿ ನೋಡ್ತೀನಿ. ಭಾರ ಇದೆ. ನಿನಗೆ ಬೇಡ.

ಮಾತಾಡಿದ್ಲಾ ಗಿಣಿ? ಬೆಳಿಗ್ಗೆ ಗಂಟಲಿಂದ ಕೊಳವೆ ತೆಗೆದ್ರಂತಲ್ಲ, ಭಾವ ಫೋನಲ್ಲಿ ಹೇಳಿದ್ರು. ತಲೆ ಅಲ್ಲಾಡಿಸಬೇಡ, ಬಾಯಿ ಬಿಟ್ಟು ಹೇಳು. ಒಂದು ಮಾತೂ ಇಲ್ವಾ? ಆರು ವರ್ಷದಿಂದ ಬಾಯಿ ಮುಚ್ಚದ ಹುಡುಗಿ.

ಡಾಕ್ಟರಮ್ಮನಿಗೆ ನಾಲ್ಕೂ ಗೋಡೆ ಅಂಕಿ ಬರೆದು ಕೊಡಬೇಕಂತೆ. ಅದು ನೋಡದೆ ಮಗೂನ ಮನೆಗೆ ಕಳಿಸಲ್ವಂತೆ. ಒಳ್ಳೇದೇ. ಬುಧವಾರವೂ ಕೇಳಿದ್ರಂತಲ್ಲ ನಿನ್ನ, ಮನೇಲಿ ಎಲ್ಲಾದ್ರೂ ತೇವ ಇದೆಯಾ, ಬೂಷ್ಟು ಇದೆಯಾ ಅಂತ. ನೀನು ಏನಂದೆ?

...ಗೊತ್ತು. ಅದನ್ನೂ ಭಾವ ಹೇಳಿದ್ರು. 'ಇಲ್ಲ, ನನ್ನ ತಂಗಿ ಮಾರ್ಚಲ್ಲೇ ನೋಡಿದ್ದಾಳೆ, ಅವಳ ಕೆಲಸಾನೇ ಅದು' ಅಂದೆಯಂತೆ. ಅದಕ್ಕೆ ಅವರು ಬೇರೆ ಕಾಯಿಲೆ ಅಂದ್ಕೊಂಡು ಬೇರೆ ಔಷಧಿ ಕೊಟ್ರು. ಎರಡು ದಿನ. ಶುಕ್ರವಾರ ಕಫದ ಪರೀಕ್ಷೆ ಬಂದ ಮೇಲೆ ತಾನೇ ಬೂಷ್ಟು ಅಂತ ಗೊತ್ತಾಗಿದ್ದು.

ಹಾಗೆ ನೋಡಬೇಡ. ಬೂಷ್ಟು ಎಲ್ಲಿಂದ ಬೇಕಾದ್ರೂ ಬರಬಹುದು. ಅವಳ ಶಾಲೆ ಹಳೇ ಕಟ್ಟಡ. ಅಲ್ಲಿನ ಗೋಡೆ ಯಾರು ಅಳೆದಿದ್ದಾರೆ?

ಹೌದು. ಜೂನಲ್ಲಿ ಅಜ್ಜಿ ಮನೇಲಿ ಐದು ದಿನ ಇದ್ದಾಗ ಕೆಮ್ಮಲಿಲ್ಲ. ಅವತ್ತೇ ಹೇಳಿದ್ದೆ ನೀನು. ಹವಾ ಬದಲಾವಣೆ ಅಂದಿದ್ದೆ ನಾನು. ...ಅಂದಿದ್ದೆ ಅಕ್ಕಾ, ಇಲ್ಲ ಅನ್ನಲ್ಲ.

ಬೀರು ಬಾಗಿಲು ಬಿಗಿಯಾಗಿದೆ ಅಂತಾನೂ ಹೇಳಿದ್ದೆ ನೀನು. ಮೇ ತಿಂಗಳಲ್ಲಿ. ನಾನೇ ಬಂದು ಅಂಚು ಉಜ್ಜಿ ಕೊಟ್ಟೆ. ಮರ ನೀರು ಕುಡಿದ್ರೆ ಉಬ್ಬುತ್ತೆ. ಉಜ್ಜಿದ್ರೆ ಮತ್ತೆ ಬಾಗಿಲು ಸಲೀಸು. ನೀರು ಎಲ್ಲಿಂದ ಬಂತು ಅಂತ ನೀನು ಕೇಳಲಿಲ್ಲ. ಕೇಳಲಿಲ್ಲ ಅಂತ ನಾನೂ...

ಕಿಟಕಿ ತೆಗೀಲಾ? ವಾಸನೆ ಬರ್ತಿದೆ. ಒದ್ದೆ ಬಟ್ಟೆ ಮಡಚಿಟ್ಟ ಹಾಗೆ. ಮಳೆಗಾಲ ಅಂದ್ರೆ ಹೀಗೇನೇ, ಎಲ್ಲರ ಮನೇಲೂ...

ನೆಲದ ಮೇಲೆ ಇದೇನು?

ಈ ಗೀರು. ಬೀರು ಕಾಲಿಂದ ಶುರುವಾಗಿ ಒಂದು ಗೇಣು. ಪುಡಿ ಇನ್ನೂ ಹಾಗೇ ಇದೆ, ಕಾಲಿಗೆ ಮೆತ್ತಿಲ್ಲ. ಹೊಸದು.

ಯಾವಾಗ ಸರಿಸಿದೆ?

ಬೆಳಿಗ್ಗೇನಾ? ನಾನು ಮೀಟರ್ ತಗೊಂಡು ಕೆಳಗಿಳಿದು ಬರೋ ಮುಂಚೇನೇ? ಒಬ್ಬಳೇ ಎಳೆದ್ಯಾ? ...ಟಾರ್ಚ್ ನಿನ್ನ ಕೈಲಿ ಯಾಕಿದೆ ಅಂತ ಬಂದ ತಕ್ಷಣ ಕೇಳಬೇಕಿತ್ತು ನಾನು. ಹಗಲು ಹನ್ನೊಂದು ಗಂಟೆಗೆ ಟಾರ್ಚ್.

ಹಾಗಾದ್ರೆ ನೋಡಿದೀಯಾ.

ಏನಾದ್ರೂ ಅನ್ನು ಅಕ್ಕಾ. ಬೈಯಿ. ಚಿಕ್ಕೋಳಿದ್ದಾಗ ಬೈತಿದ್ದೆಯಲ್ಲ, ಹಾಗೆ.

ಸರಿ. ಬೀರು ನಾನೇ ಎಳೀತೀನಿ, ಇತ್ತ ಕೊಡು ಟಾರ್ಚ್.

...ಚಾವಣಿಯಿಂದ ನೆಲದ ತನಕ ಕಪ್ಪು. ಬಣ್ಣ ಉಬ್ಬಿ ಸಿಪ್ಪೆ ಬಿಟ್ಟಿದೆ. ಗಾರೆ ಬೆರಳಿಟ್ರೆ ಉದುರುತ್ತೆ. ಬೀರು ಬೆನ್ನಿಗೂ ಹತ್ತಿದೆ. ಇಲ್ಲಿಂದ ಅವಳ ದಿಂಬಿಗೆ ಎರಡು ಅಡಿ. ಎರಡಡಿ ಇಲ್ಲ... ಒಂದೂಮುಕ್ಕಾಲು. ಈ ಕಪ್ಪು ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣ. ಗಾಳೀಲಿ ತೇಲುತ್ತೆ. ಉಸಿರು ಎಳೆದ್ರೆ ಸಾಕು.

ಮೂಲೇಲಿ ಆ ಪೆನ್ಸಿಲ್ ಸೊನ್ನೆ ನನ್ನದೇ. ಕೈಬರಹ ನಿನಗೆ ಗೊತ್ತು.

ಮಾರ್ಚ್ ಇಪ್ಪತ್ತೊಂದು, ಗುರುವಾರ. ಮೂಲೇಲಿ ಅಂಗೈಯಷ್ಟು ಕಲೆ ಇದೆ, ನೋಡೇ ಅಂದು ಕೆಲಸಕ್ಕೆ ಹೋಗಿದ್ದೆ ನೀನು. ನಾನು ಬಂದು ಸೂಜಿ ಒತ್ತಿದೆ. ಮೂವತ್ತನಾಲ್ಕು ಬಂತು. ಮೀಟರ್ ಕೆಟ್ಟಿದೆ ಅಂದ್ಕೊಂಡು ಇನ್ನೊಂದು ಸಲ ಒತ್ತಿದೆ. ಮೂವತ್ತನಾಲ್ಕು. ತಲೆ ಎತ್ತಿ ನೋಡಿದೆ. ಈ ಮೂಲೆಗೆ ನೇರ ಮೇಲೆ ಏನಿದೆ? ನನ್ನ ಬಾತ್‌ರೂಮು. ಫೆಬ್ರವರೀಲಿ ಹೊಸದಾಗಿ ಮಾಡಿಸಿದ್ದು. ಅರಮನೆ ಅಂತ ಆಡ್ಕೊಂಡಿದ್ಯಲ್ಲ, ಅದೇ.

ಟೈಲ್ಸ್ ಹಾಕೋ ಮುಂಚೆ ನೆಲದಲ್ಲಿ ನೀರು ಕಟ್ಟಿ ಒಂದಿಡೀ ದಿನ ಬಿಡಬೇಕು. ಮಾರನೇ ದಿನ ಕೆಳಗಿನ ಮನೆ ಚಾವಣಿ ನೋಡಬೇಕು. ಹನಿ ಇಲ್ಲ ಅಂದ್ರೆ ಮಾತ್ರ ಟೈಲ್ಸ್. ಇದನ್ನ ನಾನು ಎಷ್ಟು ಮನೇಲಿ ಬೆರಳು ಎತ್ತಿ ಹೇಳಿದೀನೋ. ನನ್ನ ಮನೇಲಿ ಮಾಡಲಿಲ್ಲ. ಟೈಲ್ಸಿನವನಿಗೆ ಮಾರನೇ ದಿನ ಬೇರೆ ಕಡೆ ಕೆಲಸ ಇತ್ತು. 'ನೀರು ಕಟ್ಟೋಣ್ವಾ ಮೇಡಂ' ಅಂತ ಅವನೇ ಕೇಳಿದ. ಬೇಡ, ಹಾಕಿಬಿಡು ಅಂದೆ.

ಮಾರ್ಚಲ್ಲೇ ಆ ಟೈಲ್ಸ್ ಒಡೀಬೇಕಿತ್ತು. ಒಡೆದ್ರೆ ನೀನು ಮೇಲೆ ಬಂದು ಕೇಳ್ತಿದ್ದೆ, 'ಏನಮ್ಮಾ ಅಳತೆ, ಊರೆಲ್ಲ ಅಳೆದೆ, ನಿನ್ನ ಮನೇದೇ ಅಳೀಲಿಲ್ವಾ' ಅಂತ. ಭಾವನಿಗೆ ಹೇಳ್ತಿದ್ದೆ. ಇಬ್ಬರೂ ನಗ್ತಿದ್ರಿ.

ಅಷ್ಟೇ ಆಗ್ತಿದ್ದದ್ದು. ನೀವು ನಗ್ತಿದ್ರಿ.

ಏಪ್ರಿಲಲ್ಲಿ ಸದ್ದಿಲ್ಲದೆ ಸರಿ ಮಾಡಿಸೋಣ ಅಂದ್ಕೊಂಡೆ. ಆಮೇಲೆ ಮೇ ಅಂದ್ಕೊಂಡೆ. ದಿನಾ ಮೇಲೆ ಸ್ನಾನ ಮಾಡ್ತಿದ್ದೆ. ಎರಡು ಬಕೆಟ್ ಹುಯ್ಕೊಳ್ಳೋ ಕಡೆ ಒಂದು ಹುಯ್ಕೊಂಡೆ. ನಗಬೇಡ... ನೀನು ನಗ್ತಿಲ್ಲ.

ಬೀರುನ ಈ ಮೂಲೆಗೆ ತಳ್ಳಿದ್ದು ನಾನು. ಕೋಣೆ ದೊಡ್ಡದಾಗಿ ಕಾಣುತ್ತೆ ಅಂತ ನಿನಗೆ ಹೇಳಿದೆ. ಗೋಡೆ ಒಣಗಿದೆ ಅಂತಾನೂ ಹೇಳಿದೆ. ಒದ್ದೆ ಗೋಡೆಗೆ ಗಾಳಿ ಆಡದಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತಿಲ್ವಾ? ಗೊತ್ತಿತ್ತು. ತಳ್ಳೋ ಮುಂಚೆ ಸೊನ್ನೆ ಸುತ್ತಿದೀನಿ. ಅಂಕಿ, ತಾರೀಕು ಎಲ್ಲ. ಬರೆದದ್ದು ನೆನಪೇ ಇಲ್ಲ. ಕೈ ತಾನಾಗೇ.

ಎಲ್ಲಿ, ಕಾಗದ ಕೊಡು. ಕಿಟಕಿ ಹನ್ನೆರಡು, ಬಾಗಿಲು ಹನ್ನೊಂದು, ತಲೆ ಕಡೆ ಹದಿನಾಲ್ಕು. ನಾಲ್ಕನೇದು... ಸೂಜಿ ಪೂರ್ತಿ ಒಳಗೇ ಹೋಯ್ತು. ನಲವತ್ತೊಂದು. ಮಾರ್ಚಿನ ಮೂವತ್ತನಾಲ್ಕೂ ಬರೀತೀನಿ. ಕೆಳಗೆ ನನ್ನ ರುಜು ಹಾಕ್ತೀನಿ. ಅವರು ಕೇಳಿದ್ರೆ ತಂಗಿಗೆ ಗೊತ್ತಿತ್ತು ಅನ್ನು.

ಹೊರಡ್ತೀಯಾ? ನಿಲ್ಲು. ಈ ಗೋಡೆ ಪಕ್ಕ ಎಷ್ಟು ರಾತ್ರಿ ಮಲಗಿದ್ಲು ಅಂತಾನೂ ಡಾಕ್ಟರಮ್ಮ ಕೇಳಬಹುದು. ನಿನಗೆ ಲೆಕ್ಕ ಸಿಗಲ್ಲ. ನಾನು ಎಣಿಸಿದೀನಿ. ಮಾರ್ಚ್ ಇಪ್ಪತ್ತೊಂದರಿಂದ ಜುಲೈ ಎಂಟರ ತನಕ ನೂರಾ ಹತ್ತು. ಅಜ್ಜಿ ಮನೇದು ಐದು ಕಳೀಬೇಕು.

ನೂರಾ ಐದು.