ಹನ್ನೆರಡನೇ ಸಾಲು

ಕೊಡು ತಂಗಿ, ನಾನೇ ಓದಿ ಹೇಳ್ತೀನಿ ಅಂದೆನಲ್ಲ. ಬೆಳಗಿನಿಂದ ಏಳು ಜನಕ್ಕೆ ಓದಿ ಹೇಳಿದ್ದೀನಿ, ಗಂಟಲು ಇನ್ನೂ ಗಟ್ಟಿಯಾಗೇ ಇದೆ. ಅವರೆಲ್ಲ ಕೇಳಿಸಿಕೊಂಡರು, ಐದು ಜನ ಸಹಿ ಹಾಕಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು, ಹೋದರು. ಅಷ್ಟೇ ಕೆಲಸ. ನೀನೂ... ಯಾಕೆ, ಆ ಫೈಲನ್ನ ಹಾಗೆ ಎದೆಗೆ ಒತ್ತಿಕೊಂಡೆ? ನಾನೇನು ಕಿತ್ತುಕೊಳ್ತೀನಾ?

ಓ. ನೀನೇ ಓದ್ತೀಯಾ.

ಓದು. ಬೇಡ ಅಂದವರು ಯಾರು. ಒಕ್ಕೂಟದಿಂದ ಬಂದ ಕಾಗದದಲ್ಲೂ ಹಾಗೇ ಇದೆ. ವರ್ಷ ಮುಗಿದಾಗ ಪ್ರತಿಯೊಬ್ಬರೂ ತಮ್ಮ ಫೈಲು ತಾವೇ ಓದಿ ಸಹಿ ಹಾಕಬೇಕು, ಓದಲು ಬಾರದವರಿಗೆ ಶಿಕ್ಷಕಿ ಓದಿ ಹೇಳಬೇಕು ಅಂತ. ನಾನು ಆ ಎರಡನೇ ಮಾತು ಮಾತ್ರ ನೆನಪಿಟ್ಟುಕೊಂಡೆ ನೋಡು. ವಯಸ್ಸಾಯ್ತು.

ಕಿಟಕಿ ಹತ್ತಿರ ಕೂತ್ಕೋ, ಅಲ್ಲಿ ಬೆಳಕು ಚೆನ್ನಾಗಿದೆ. ಕೆಳಗಡೆ ಬಡಗಿಯ ಗರಗಸ ಶುರುವಾಯ್ತು, ಬಾಗಿಲು ಮುಚ್ಚಲಾ? ಬೇಡವಾ. ಸರಿ.

ಮೊದಲ ಪುಟದಲ್ಲಿ ಏನೂ ಇಲ್ಲ. ನಿನ್ನ ಹೆಸರು, ಹಾಸ್ಟೆಲಿನ ವಿಳಾಸ. ತಿರುಗಿಸು. ಎರಡನೆಯದು ಒಕ್ಕೂಟದ ವಿಷಯ, ಅದನ್ನ ಬರೆದವರೂ ಇನ್ನೊಂದು ಸಲ ಓದಿರಲ್ಲ, ಬಿಡು... ಓದಲೇಬೇಕಾ? ನೀನು ಬಿಡೋಳಲ್ಲ. ಬಸ್ಸಿಗೆ ಅಂಟಿಸಿದ ಜಾಹೀರಾತನ್ನೂ ಓದಿ ಮುಗಿಸಿಯೇ ಹತ್ತೋಳು.

ಹಾಗಾದರೆ ಓದ್ತಾ ಓದ್ತಾ ಕೇಳು. ಮೊದಲು ಈ ಒಕ್ಕೂಟದ ಐದು ಸಂಸ್ಥೆ ಐದು ಕಡೆ ಇದ್ದವು. ನಮ್ಮದು, ದೊಡ್ಡವರಿಗೆ ಓದು ಕಲಿಸೋದು. ಒಂದು ಕಣ್ಣು ಕಾಣದವರದು. ಒಂದು ಜೈಲಿನಿಂದ ಬಂದವರಿಗೆ. ನಿಮ್ಮ ಹಾಸ್ಟೆಲ್ ಒಂದು. ಐದನೆಯದು, ಕೆಲಸಕ್ಕೆ ಸೇರಿದವರನ್ನ ಅವರಿರುವ ಕಡೆಗೇ ಹೋಗಿ ವಿಚಾರಿಸಿಕೊಳ್ಳೋದು. ಗತಿಯಿಲ್ಲದವರನ್ನ ಕೆಲಸಕ್ಕೆ ಸೇರಿಸೋ ಸರ್ಕಾರದ ಗುತ್ತಿಗೆಗೆ ನಾವು ಒಬ್ಬೊಬ್ಬರೇ ಹೋದಾಗಲೆಲ್ಲ, ನೀವು ತೀರಾ ಚಿಕ್ಕವರು ಅಂತ ವಾಪಸ್ ಕಳಿಸೋರು. ಕೊನೆಗೆ ಐದೂ ಸೇರಿ ಒಂದೇ ಅರ್ಜಿ ಹಾಕಿದ್ವಿ. ಆ ದಿನ ನಾನು ಉಪವಾಸ ಇದ್ದೆ. ದೇವರು ಕಣ್ಣು ಬಿಟ್ಟ, ಗುತ್ತಿಗೆ ಸಿಕ್ಕಿತು. ಐದು ಬೋರ್ಡನ್ನೂ ಒಂದೇ ಬಾಗಿಲಿಗೆ ಹೊಡೆದರು ನೋಡು, ಹಿಡಿಕೆಯೇ ಕಾಣದ ಹಾಗೆ. ಮೊದಲ ಸಭೆಗೆ ಬಂದವರು ಎಳೀಬೇಕೋ ತಳ್ಳಬೇಕೋ ತಿಳೀದೆ ಹೊರಗೇ ನಿಂತಿದ್ದರು.

ನಗ್ತೀಯಾ? ನಗು, ನಗು. ನೀನು ನಕ್ಕರೆ ಈ ಕೋಣೆಗೆ ಒಂದು ಕಳೆ ಬರುತ್ತೆ.

ನಿಧಾನ... ಆ ಪುಟ ಆಗಲೇ ಆಯ್ತಾ? ಅಲ್ಲ, ನಿನ್ನ ಬೆರಳು ಎಲ್ಲಿ? ಮೊದಲೆಲ್ಲ ಬೆರಳಿಟ್ಟು ಓದ್ತಿದ್ದೆ. ಅಕ್ಷರದ ಕೆಳಗೆ ಇರುವೆ ಹರಿದ ಹಾಗೆ ಬೆರಳು ಹರೀತಿತ್ತು, ನೀನು ಎಲ್ಲಿದ್ದೀಯ ಅಂತ ನನಗೆ ತಿಳೀತಿತ್ತು. ಬೆರಳು ತೆಗಿ, ಕಣ್ಣಲ್ಲೇ ಓದು ಅಂದೋಳು ನಾನೇ. ತುಟಿ ಆಡಿಸಬೇಡ ಅಂದೋಳೂ ನಾನೇ. ಈಗ ನೋಡು, ಎದುರಿಗೇ ಕೂತಿದ್ದೀನಿ, ನೀನು ಯಾವ ಸಾಲಲ್ಲಿದ್ದೀಯ ಅಂತ ನನಗೇ ಗೊತ್ತಾಗ್ತಿಲ್ಲ.

ಇಲ್ಲಪ್ಪ, ನನಗೇನಾಗಿದೆ. ಸೆಖೆ, ಅಷ್ಟೇ.

ನಿನ್ನ ಮೊದಲ ದಿನ ನೆನಪಿದೆಯಾ? ಔಷಧಿ ಅಂಗಡಿಯ ಬಾಗಿಲಿಗೆ ‘ಇಂದು ರಜೆ’ ಅಂತ ಚೀಟಿ ಅಂಟಿಸಿದ್ದರು. ನೀನು ಅದರ ಮುಂದೆ ಒಂದು ಗಂಟೆ ನಿಂತಿದ್ದೆ, ಈಗ ತೆಗೀತಾರೆ, ಇನ್ನೇನು ತೆಗೀತಾರೆ ಅಂತ. ಯಾರೋ ಬಂದು ಓದಿ ಹೇಳಿ ನಕ್ಕರಂತೆ. ಸೀದಾ ಇಲ್ಲಿಗೆ ಬಂದು, ಅಕ್ಕ, ಮೊದಲು ‘ರಜೆ’ ಕಲಿಸಿಕೊಡಿ ಅಂದೆ. ಅ ಆ ಇ ಈ ಎಲ್ಲ ಆಮೇಲೆ, ಮೊದಲು ‘ರಜೆ’. ಅವತ್ತು ದೇವರಿಗೆ ಹೇಳಿದೆ, ಈ ಮಗೂನ ನನ್ನ ಹತ್ತಿರ ಕಳಿಸಿದೆಯಲ್ಲ, ನಿನ್ನ ದಯೆ ದೊಡ್ಡದು ಅಂತ. ನಲವತ್ತು ದಾಟಿದೋಳನ್ನ ಮಗು ಅಂದೆ. ಅವನೂ ನಕ್ಕಿರಬೇಕು.

ಆಮೇಲೆ ನೀನು ಸ್ವಂತವಾಗಿ ಬರೆದ ಮೊದಲನೇ ವಾಕ್ಯ... ಹಸು ಹುಲ್ಲು ತಿನ್ನುತ್ತದೆ ಅಂತ ಬರಿ ಅಂದರೆ, ನೀನು ಸ್ಲೇಟು ತಿರುಗಿಸಿ ಬರೆದೆ: ‘ನನಗೆ ಒಳಗಿನಿಂದ ಚಿಲಕ ಹಾಕುವ ಕೋಣೆ ಬೇಕು.’ ‘ಚಿಲಕ’ದ ಲ ತಲೆಕೆಳಗಾಗಿತ್ತು. ತಿದ್ದೋಕೆ ನನಗೆ ಮನಸ್ಸೇ ಬರಲಿಲ್ಲ. ಹಾಸ್ಟೆಲಿನ ಹನ್ನೆರಡು ಹಾಸಿಗೆಯ ಆ ಕೋಣೆಯಲ್ಲಿ ಬಾಚಣಿಗೆಯನ್ನೂ ದಿಂಬಿನ ಕೆಳಗೆ ಬಚ್ಚಿಟ್ಟು ಮಲಗ್ತೀಯ ಅಂತ ನೀನು ಆಗ ತಾನೇ ಹೇಳಿದ್ದೆ. ಕೆಲಸ ಸಿಕ್ಕವರಿಗೆ ಮಾತ್ರ ಮೇಲಿನ ಮಹಡಿಯ ಕೋಣೆ, ಅಲ್ವಾ. ಅದಕ್ಕೆ ಚಿಲಕ ಇದೆ.

ನನ್ನ ಮನೆಯಲ್ಲೂ ಇದೆ. ಹಾಕೋದೇ ಮರೀತೀನಿ. ಯಾರು ಬರಬೇಕು, ಹೇಳು. ನಮ್ಮಕ್ಕ ಇದ್ದಾಗ ಸಂಜೆ ಪ್ರಾರ್ಥನೆ ಪುಸ್ತಕ ಓದಿ ಹೇಳ್ತಿದ್ದೆ, ಅವಳಿಗೆ ಕಣ್ಣು ಮಂಜಾಗಿತ್ತು. ಪುಟ ಬಿಟ್ಟರೆ ಗೊತ್ತಾಗಿಬಿಡೋದು ಅವಳಿಗೆ, ಏ ಕಳ್ಳಿ, ಒಂದು ಪುಟ ನುಂಗಿದೆಯಲ್ಲ ಅನ್ನೋಳು. ಅವಳು ಹೋದ ಮೇಲೂ ಓದ್ತೀನಿ, ಗಟ್ಟಿಯಾಗೇ ಓದ್ತೀನಿ. ದೇವರು ಕೇಳ್ತಾನೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅವನು ನಡುವೆ ಕೆಮ್ಮಲ್ಲ ನೋಡು. ಮಗ್ಗುಲು ಬದಲಿಸಲ್ಲ. ಒಂದು ಪುಟ ನುಂಗಿದರೂ ಏನೂ ಅನ್ನಲ್ಲ.

ನಾನು ಹುಟ್ಟಿದಾಗಿನಿಂದ ತಂಗಿಯಾಗೇ ಇದ್ದೋಳು. ನನ್ನನ್ನ ಅಕ್ಕ ಅಂತ ಕರೆದವಳು ನೀನೇ ಮೊದಲು.

...ಅದು ಬಿಡು. ಅದು ನಮ್ಮ ಕಾಲಂ ಸಾಹೇಬರ ಪುಟ. ಗೊತ್ತಲ್ಲ, ಒಕ್ಕೂಟದ ಮೇಲ್ವಿಚಾರಕರು, ಎಲ್ಲದಕ್ಕೂ ಒಂದು ಕಾಲಂ ಹಾಕೋರು. ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದರೂ ಯಾವ ಕಾಲಮ್ಮಿಗೆ ಅಂತ ಕೇಳ್ತಾರೋ ಏನೋ. ತಿಂಗಳಿಗೆ ಒಂದು ಸಾಲು ತುಂಬಿಸಿ ಕಳಿಸಬೇಕು, ಸುಮ್ಮನೆ ಶಾಸ್ತ್ರಕ್ಕೆ. ಸಹಿ ಅಲ್ಲಲ್ಲ, ಕೊನೇ ಪುಟದಲ್ಲಿ. ತಿರುಗಿಸು.

ತಿರುಗಿಸು ತಂಗಿ.

ಯಾಕೆ, ಕಣ್ಣು ನೋವಾ? ನನ್ನ ಅಕ್ಷರ ಸರಿಯಿಲ್ಲ, ಗೊತ್ತು. ಬೇಕಾದರೆ ಆ ಒಂದು ಪುಟ ನಾನೇ... ಬೇಡವಾ.

ಬಡಗಿ ಗರಗಸ ನಿಲ್ಲಿಸಿದ ನೋಡು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಹಬೆ ಜಾಸ್ತಿ ಅಂತೆ. ನಿನಗೆ ಆಗ ಕೆಮ್ಮು ಇತ್ತಲ್ಲ. ಆ ಮೇಸ್ತ್ರಿಯ ಬಾಯೂ ಒರಟು ಅಂತ ಕೇಳಿದ್ದೆ, ಅದಕ್ಕೇ ನಾನು... ಹಾಗೆ ನೋಡಬೇಡ. ಬಯ್ಯೋದಾದರೆ ಬಯ್ಯಿ.

ಏನದು. ಬೆರಳು ಇಟ್ಟೆಯಾ? ನಿನಗೆ ಈಗ ಬೆರಳು ಬೇಕಾಗಿಲ್ಲವಲ್ಲ...

ನನಗಾ?

ನಾನು ಓದಬೇಕಾ. ಗಟ್ಟಿಯಾಗಾ. ಸರಿ... ಸರಿ. ಮೊದಲನೇ ತಿಂಗಳು. ‘ಕೆಲಸಕ್ಕೆ ಸಿದ್ಧರಿದ್ದಾರೆಯೇ? ಇಲ್ಲ. ಕಾರಣ: ಓದಲು ಬರುವುದಿಲ್ಲ.’ ಇದು ನಿಜ, ತಂಗಿ. ಎರಡನೇ ತಿಂಗಳು, ಓದಲು ಬರುವುದಿಲ್ಲ. ಮೂರು. ನಾಲ್ಕು. ಅಲ್ಲಿಯವರೆಗೆ ನಿಜವನ್ನೇ ಬರೆದಿದ್ದೀನಿ.

ಐದು. ‘ಓದಲು ಬರುವುದಿಲ್ಲ.’ ಆ ತಿಂಗಳ ಕೊನೇ ಬುಧವಾರ ನೀನು ಪಾಠ ಮುಗಿದ ಮೇಲೂ ಕೂತು, ನನ್ನ ಪ್ರಾರ್ಥನೆ ಪುಸ್ತಕದ ಒಂದು ಪುಟ ಎಲ್ಲೂ ತಡವರಿಸದೆ ಓದಿದೆ. ನಾನು ಅತ್ತುಬಿಟ್ಟೆ. ನೀನು ಹೋದ ಮೇಲೆ ಇದೇ ಮೇಜಿಗೆ ಕೂತು ಇದನ್ನ ಬರೆದೆ.

ಬೆರಳು ಅಲ್ಲಿ ನಿಲ್ಲಿಸಬೇಡ, ತಂಗಿ... ಆರು. ಹೂಂ, ಅದೇ ತಿಂಗಳು. ಲಾಂಡ್ರಿಯವರು ಮೂರು ಜನ ಬೇಕು ಅಂತ ಕೇಳಿದ್ದರು, ಬಟ್ಟೆಯ ಗಂಟಿಗೆ ಕಟ್ಟಿದ ಚೀಟಿ ಓದಿ ಯಾವ ವಾರ್ಡಿನದು ಅಂತ ಬೇರೆ ಮಾಡೋಕೆ. ಅಕ್ಕ, ನಾನು ಹೋಗಲಾ ಅಂತ ಕೇಳಿದೆ ನೀನು. ಇನ್ನೊಂದು ಸ್ವಲ್ಪ ದಿನ ಇರು, ಓದು ಇನ್ನೂ ಪಕ್ವ ಆಗಬೇಕು ಅಂದೆ ನಾನು. ಆಗಲಿ ಅಕ್ಕ ಅಂತ ತಲೆ ಆಡಿಸಿದೆ. ಒಂದು ಮಾತು ಎದುರಾಡಲಿಲ್ಲ. ನಿನಗಿಂತ ಎಡವಿ ಎಡವಿ ಓದೋ ಮೂವರನ್ನ ನಾನು ಕಳಿಸಿದೆ. ಮೂವರೂ ಈಗ ಅಲ್ಲೇ ಇದ್ದಾರೆ. ಚೆನ್ನಾಗಿದ್ದಾರೆ. ಆ ಮೇಸ್ತ್ರಿ ಒರಟೇನೂ ಅಲ್ಲವಂತೆ.

ಕೆಲಸ ಸಿಕ್ಕವರ ಫೈಲು ಐದನೇ ಸಂಸ್ಥೆಗೆ ಹೋಗಿಬಿಡುತ್ತೆ, ತಂಗಿ. ಆಮೇಲೆ ಅವರು ಈ ಮೆಟ್ಟಿಲು ಹತ್ತಲ್ಲ. ಬುಧವಾರ ಮೂರು ಗಂಟೆಗೆ, ನಮ್ಮ ಪಾಠದ ಹೊತ್ತಿಗೆ, ನೀನು ಲಾಂಡ್ರಿಯಲ್ಲಿರ್ತೀಯ. ನಾನು ಈ ಎರಡು ಕುರ್ಚಿ ಇಟ್ಟುಕೊಂಡು...

ಏಳು. ಎಂಟು. ಒಂಬತ್ತು. ಓದಲು ಬರುವುದಿಲ್ಲ. ಓದಲು ಬರುವುದಿಲ್ಲ. ಓದಲು ಬರುವುದಿಲ್ಲ.

ದಿನಾ ಬೆಳಿಗ್ಗೆ ನಿಮ್ಮೆಲ್ಲರ ಹೆಸರು ಹೇಳಿ ಬೇಡಿಕೊಳ್ತೀನಿ, ನಿನಗೆ ಗೊತ್ತು. ಇವನಿಗೆ ಕೆಲಸ ಕೊಡು, ಇವಳಿಗೆ ಕೆಲಸ ಕೊಡು. ನಿನ್ನ ಹೆಸರು ಬಂದಾಗ, ಇವಳನ್ನ ಚೆನ್ನಾಗಿಡು ಅಂತ ಮಾತ್ರ ಅಂದೆ. ಕೆಲಸ ಕೊಡು ಅಂತ ಒಂದು ದಿನವೂ ಕೇಳಲಿಲ್ಲ. ಅವನ ಮುಂದೆ ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ನಿನ್ನ ಮುಂದೆ ಮಾತ್ರ ಬಂತು.

ಹತ್ತು. ಹನ್ನೊಂದು.

ಆಯ್ತಲ್ಲ ತಂಗಿ. ಹನ್ನೆರಡನೆಯದು ಖಾಲಿ ಇದೆ. ಈ ತಿಂಗಳದು, ಇನ್ನೂ ಬರೆದಿಲ್ಲ... ಅಲ್ಲಿ ಓದೋಕೆ ಏನೂ ಇಲ್ಲ.

ಬೆರಳು ಯಾಕೆ ಅಲ್ಲೇ ಇಟ್ಟಿದ್ದೀಯ.

...ಲಾಂಡ್ರಿಯವರು ಮತ್ತೆ ಇಬ್ಬರನ್ನ ಕೇಳಿದ್ದಾರೆ. ಸೋಮವಾರವೇ ಬಂತು ಕಾಗದ. ಈ ಮೇಜಿನ ಡ್ರಾಯರಿನಲ್ಲಿದೆ, ಪ್ರಾರ್ಥನೆ ಪುಸ್ತಕದ ಕೆಳಗೆ ಇಟ್ಟಿದ್ದೆ. ತಗೋ. ನೀನೇ ಓದಿಕೋ, ನನ್ನ ಬಾಯಿಂದ ಕೇಳಬೇಡ. ಪುಸ್ತಕವನ್ನೂ ತಗೊಂಡು ಹೋಗು. ಮೇಲಿನ ಮಹಡಿಯಲ್ಲಿ ಚಿಲಕ ಹಾಕಿಕೊಂಡು ಓದು. ಪುಟ ನುಂಗಬೇಡ.

ಪೆನ್ನು... ಇಲ್ಲೇ ಇದೆ, ಕೈಯಲ್ಲೇ ಇದೆ.

ಬೆರಳು ಸ್ವಲ್ಪ ಈ ಕಡೆ ಸರಿಸು, ತಂಗಿ. ಬರೀತೀನಿ.