ಜಸಿಂತೊ ಎಂಬ ಹೆಸರು

ಗೋಯಾನಿಯಾ ನಗರದ ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತಿದ್ದಾಗ ನನ್ನ ಎದುರಿನ ಬೆಂಚಿನಲ್ಲಿ ಜಸಿಂತೊ ಮತ್ತು ಜುವೆಂತಿನೊ ಕೂತಿದ್ದರು. ನಮ್ಮ ಸೀಮೆಯ ಗೂಳಿ ಸವಾರಿಯ ಹಬ್ಬಗಳಲ್ಲೆಲ್ಲ ಗಿಟಾರ್ ಹಿಡಿದು ಹಾಡಿದ ಅಣ್ಣತಮ್ಮಂದಿರು. ಅಣ್ಣ ಜಸಿಂತೊನದು ರಾಗ ಹಿಡಿಯುವ ಮೇಲಿನ ದನಿ, ತಮ್ಮನದು ಅದಕ್ಕೆ ಜೊತೆಗೂಡುವ ಕೆಳಗಿನದು. ಅವತ್ತು ಅಣ್ಣನ ಧ್ವನಿಪೆಟ್ಟಿಗೆಯನ್ನು ತೆಗೆಯುವವರಿದ್ದರು.

"ನನ್ನ ಜಾಗಕ್ಕೆ ಹುಡುಗ ಸಿಕ್ಕಿದ್ನಂತೆ?" ಅಂದ ಅಣ್ಣ, ಸವೆದ ದನಿಯಲ್ಲಿ.

"ಈಗ್ಯಾಕಣ್ಣ ಆ ಮಾತು?"

"ನಾಳೆ ಕೇಳೋಕೆ ದನಿ ಎಲ್ಲಿರುತ್ತೆ? ಹೇಗೆ ಹಾಡ್ತಾನೆ?"

"ನಿನ್ನ ಹಾಗೇ. ನಮ್ಮ ಕ್ಯಾಸೆಟ್ ಕೇಳ್ಕೊಂಡೇ ಬೆಳೆದೋನು."

"ಹೆಸರು?"

ಜುವೆಂತಿನೊ ಟೋಪಿಯ ಅಂಚು ಸವರುತ್ತ ಕೂತ.

"ಜಸಿಂತೊ ಅಂತ್ಲೇ ಇಡ್ತಾನಂತೆ ನಮ್ಮ ಏಜೆಂಟು. ಬೋರ್ಡಲ್ಲಿ ಬೇರೆ ಹೆಸರಿದ್ರೆ ಜನ ಬರಲ್ವಂತೆ."

"ನಾನಿನ್ನೂ ಸತ್ತಿಲ್ವಲ್ಲೋ."

"ಅಮ್ಮ ಇಟ್ಟ ಹೆಸರಿದೆಯಲ್ಲಣ್ಣ ನಿಂಗೆ, ಓನೋಫ್ರೆ ಅಂತ."

"ಹಾಗೆ ಕರೀತಿದ್ದೋಳು ಅವಳೊಬ್ಳೇ. ಅವಳೂ ಹೋದ್ಳು. ನೀನೊಬ್ನೇ ಹಾಡಬಾರ್ದೇನೋ?"

"ಕೆಳಗಿನ ದನಿ ಒಂದೇ ಹಾಡಿದ್ರೆ ಯಾವ ಹಾಡೂಂತಾನೇ ತಿಳಿಯಲ್ಲ. ಮೊನ್ನೆ ಅಡುಗೆಮನೇಲಿ ನನ್ನ ಮದುವೇಲಿ ಹಾಡಿದ್ದ ಹಾಡು ಹಾಡ್ದೆ. ಏನ್ರೀ ಗೊಣಗ್ತಿದೀರಾ ಅಂದ್ಳು ಹೆಂಡ್ತಿ."

ಅಣ್ಣನಿಗೆ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ಬಿಡಲಿಲ್ಲ.

"ಆಯ್ತು, ಇಟ್ಕೊಳ್ಳಲಿ," ಅಂದ ಕೊನೆಗೆ. "ನಮ್ಮೂರಿನ ಹಬ್ಬಕ್ಕೆ ಮಾತ್ರ ಅವನನ್ನ ಕರ್ಕೊಂಡು ಬರಬೇಡ. ಅಲ್ಲಿ ಜಸಿಂತೊ ಅಂದ್ರೆ ನಾನೇ ಆಗಿರ್ತೀನಿ."

ಜುವೆಂತಿನೊ ತಲೆಯೆತ್ತಲಿಲ್ಲ.

"ಮೊದಲು ಕರೆದಿರೋದೇ ನಮ್ಮೂರಿನೋರು, ಅಣ್ಣ."

ಅಷ್ಟರಲ್ಲಿ ನರ್ಸು ಬಾಗಿಲು ತೆಗೆದು ಕೈಸನ್ನೆ ಮಾಡಿದಳು. ಅಣ್ಣ ಎದ್ದು ಒಳಗೆ ನಡೆದ. ಬಟ್ಟೆಯ ಚೀಲ ಹಿಡಿದು ತಮ್ಮ ಅವನ ಹಿಂದೆ ಹೋದ.