ಒಂಬತ್ತು ಕಿಲೋ ಸೀಸ

ವೇದಿಕೆಯ ಮೇಲಿರುವ ಹಾಯಿದೋಣಿ ಕ್ಲಬ್ಬಿನ ಮಾನ್ಯ ಅಧ್ಯಕ್ಷರೇ, ಇಷ್ಟು ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಕೈಗಡಿಯಾರ ಬಿಚ್ಚಿ ನನಗೆ ಕಾಣುವಂತೆ ಮೇಜಿನ ಮೇಲಿಟ್ಟಿರುವ ಕಾರ್ಯದರ್ಶಿಗಳೇ, ಕುರ್ಚಿ ಸಿಕ್ಕವರೇ, ಸಿಗದೆ ಗೋಡೆಗೆ ಒರಗಿ ನಿಂತಿರುವ ನನ್ನ ದೋಣಿ ಶೆಡ್ಡಿನ ಗೆಳೆಯರೇ, ಮತ್ತು ಸಮಸ್ತ ಸಭಿಕರೇ,

ಮೂವತ್ತೆರಡು ವರ್ಷ ಈ ಕ್ಲಬ್ಬಿನ ದೋಣಿಗಳನ್ನು ನೋಡಿಕೊಂಡವನಿಗೆ ನಿವೃತ್ತಿಯ ದಿನ ಸನ್ಮಾನ ಮಾಡಿದ್ದೀರಿ. ಸಂತೋಷ. ಸ್ಮರಣಿಕೆಯೂ ಚೆನ್ನಾಗಿದೆ. ಗಾಜಿನ ದೋಣಿ, ಹಾಯಿಯನ್ನು ಹಿಂದುಮುಂದಾಗಿ ಕೂರಿಸಿದ್ದಾರೆ ಎನ್ನುವುದನ್ನು ಬಿಟ್ಟರೆ ದೋಷ ಹೇಳುವಂತಿಲ್ಲ. ನಾಲ್ಕು ಒಳ್ಳೆಯ ಮಾತಾಡಿ ಇಳಿಯೋಣ ಎಂದೇ ಬಂದಿದ್ದೆ. ಆದರೆ ಅಧ್ಯಕ್ಷರು ನನ್ನ ಪರಿಚಯ ಮಾಡಿಕೊಡುತ್ತಾ ಒಂದು ಮಾತು ಅಂದರು. "ಈಗ ಇವರ ಬಗ್ಗೆ ಯಾರಿಗೂ ಯಾವ ಸಂಶಯವೂ ಉಳಿದಿಲ್ಲ" ಅಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ.

ಉಳಿದಿಲ್ಲ! ಹಾಗಾದರೆ ಇಷ್ಟು ದಿನ ಇತ್ತು ಎಂದಾಯಿತಲ್ಲ ಸ್ವಾಮಿ? ಸಂಶಯ ಇಲ್ಲದವರ ಮನೆಯಲ್ಲಿ ಯಾರಾದರೂ "ಸಂಶಯ ಇಲ್ಲ" ಎಂದು ಬೋರ್ಡು ಹಾಕುತ್ತಾರೆಯೇ?

ಮುಖ್ಯ ಅತಿಥಿಗಳು ಹಾಯಿದೋಣಿ ಪಂದ್ಯವನ್ನು ಈವರೆಗೆ ನೋಡಿಲ್ಲವಂತೆ. ಅವರಿಗೆ ಇದರ ತಲೆಬುಡ ಗೊತ್ತಾಗಬೇಕು, ಆದ್ದರಿಂದ ಹೇಳುತ್ತೇನೆ. ಹೋದ ತಿಂಗಳು ನಮ್ಮಲ್ಲಿ ನಡೆದದ್ದು ಅಂತರರಾಷ್ಟ್ರೀಯ ಮ್ಯಾಚ್ ರೇಸ್. ಇದರಲ್ಲಿ ಇಪ್ಪತ್ತು ಮೂವತ್ತು ದೋಣಿ ಒಟ್ಟಿಗೆ ಓಡುವುದಿಲ್ಲ. ನೀರಿನ ಮೇಲೆ ಎರಡೇ ದೋಣಿ, ಎದುರಾಬದುರಾ, ಕುಸ್ತಿ ಇದ್ದ ಹಾಗೆ. ಒಬ್ಬರ ಗಾಳಿಯನ್ನು ಇನ್ನೊಬ್ಬರು ತಡೆಯುವುದು, ದಾರಿ ಬಿಡಿಸಿಕೊಳ್ಳುವುದು, ಹೆದರಿಸುವುದು. ಬೆನ್ನ ಹಿಂದೆಯೇ ಮೋಟಾರು ದೋಣಿಯಲ್ಲಿ ಅಂಪೈರುಗಳು. ತಪ್ಪು ಮಾಡಿದರೆ ಅಲ್ಲೇ ಬಾವುಟ, ಅಲ್ಲೇ ದಂಡ. ಇನ್ನೊಂದು ಮುಖ್ಯ ಸಂಗತಿ: ಯಾವ ತಂಡವೂ ತನ್ನ ದೋಣಿ ತರುವಂತಿಲ್ಲ. ಪಂದ್ಯ ನಡೆಸುವ ಕ್ಲಬ್ಬೇ ಕೊಡಬೇಕು, ಅವೆಲ್ಲ ಒಂದೇ ಸಮ ಇರಬೇಕು. ದೋಣಿ ಸಮ ಇದ್ದರೆ ತಾನೇ ಗೆದ್ದವರು ಗೆದ್ದರು ಎನ್ನಬಹುದು?

ಆ ಸಮ ಮಾಡುವ ಕೆಲಸ ನನ್ನದು. ಎಂಟು ದೋಣಿಗಳನ್ನೂ ಒಂದೊಂದಾಗಿ ಕ್ರೇನಿಗೆ ನೇತುಹಾಕಿ ತೂಗುತ್ತೇನೆ. ಭಾರ ಹೆಚ್ಚಿದಷ್ಟೂ ದೋಣಿ ನಿಧಾನ, ಆದ್ದರಿಂದ ಎಲ್ಲಕ್ಕಿಂತ ಭಾರ ಯಾವುದೋ ಅದೇ ಅಳತೆ. ಹಗುರಾದವುಗಳಿಗೆ, ಕಾಲಡಿಯ ಹಲಗೆಯ ಕೆಳಗೆ, ಕೊರತೆ ಎಷ್ಟಿದೆಯೋ ಅಷ್ಟು ಸೀಸದ ಗಟ್ಟಿ ಇಟ್ಟು ಸ್ಕ್ರೂ ಬಿಗಿಯುತ್ತೇನೆ. ಯಾವ ತಂಡಕ್ಕೆ ಯಾವ ದೋಣಿ ಎನ್ನುವುದು ಪಂದ್ಯದ ಬೆಳಿಗ್ಗೆ ಚೀಟಿ ಎತ್ತಿದ ಮೇಲೆ. ಚೀಟಿಯ ಡಬ್ಬ ಹಿಡಿದುಕೊಂಡಿದ್ದವರು ಯಾರು? ನಾನಲ್ಲ. ಇದೇ ಅಧ್ಯಕ್ಷರು.

ಫೈನಲ್‌ನಲ್ಲಿ ನನ್ನ ಮಗಳು ಗೆದ್ದಳು. ಇಲ್ಲೇ ಎರಡನೇ ಸಾಲಿನಲ್ಲಿ ತಾಯಿಯ ಪಕ್ಕ ಕುಳಿತಿದ್ದಾಳೆ. ಬೇರೆ ಊರಿನ ಕ್ಲಬ್ಬಿನ ಪರವಾಗಿ ಬಂದು, ಅಧ್ಯಕ್ಷರ ತಮ್ಮನ ಮಗ ಚುಕ್ಕಾಣಿ ಹಿಡಿದಿದ್ದ ನಮ್ಮ ಕ್ಲಬ್ಬಿನ ತಂಡವನ್ನು ಅರ್ಧ ದೋಣಿಯ ಅಂತರದಲ್ಲಿ ಸೋಲಿಸಿದಳು. ಅವಳ ಬಟ್ಟೆ ಇನ್ನೂ ಒಣಗಿರಲಿಲ್ಲ, ದೋಣಿ ಕಟ್ಟುವ ಜೆಟ್ಟಿಯ ಮೇಲೆ ಪಿಸುಪಿಸು ಶುರುವಾಯಿತು: "ದೋಣಿ ಅಪ್ಪಂದು, ಕಪ್ಪು ಮಗಳದ್ದು. ಇನ್ನೇನು ಬೇಕು?"

ಊರ ಬಾಯಿಗೆ ಬೀಗ ಹಾಕಲಾಗದು, ಒಪ್ಪಿದೆ. ಆದರೆ ಶೆಡ್ಡಿಗೆ ನಾನು ಹಾಕಿದ್ದ ಬೀಗವನ್ನು ಅಧ್ಯಕ್ಷರೂ ಸಮಿತಿಯವರೂ ಸೇರಿ ಯಾಕೆ ತೆಗೆದರು? ನಾನು ರಜೆಯಲ್ಲಿದ್ದ ದಿನ ನೋಡಿಕೊಂಡು, ಇನ್ನೊಂದು ಬೀಗದ ಕೈ ತಂದು, ಅವಳು ಓಡಿಸಿದ ಆರನೇ ನಂಬರಿನ ದೋಣಿಯನ್ನು ಮೇಲೆತ್ತಿ ತೂಗಿದರಲ್ಲ, ಯಾಕೆ? ನನಗೆ ಹೇಗೆ ಗೊತ್ತಾಯಿತು ಎಂದು ಇವರಿಗೆ ಆಶ್ಚರ್ಯ. ದೋಣಿ ಎತ್ತುವ ಪಟ್ಟಿಯನ್ನು ನಾನು ಎಡದಿಂದ ಸುತ್ತಿ ಇಡುತ್ತೇನೆ. ಇವರು ಚಾಪೆ ಸುತ್ತಿದ ಹಾಗೆ ಸುತ್ತಿಟ್ಟು, ತೂಕ ಬರೆದ ಚೀಟಿಯನ್ನೂ ಅಲ್ಲೇ ಮರೆತು ಹೋಗಿದ್ದರು. ಕಳ್ಳತನವನ್ನೂ ನೆಟ್ಟಗೆ ಮಾಡಲು ಬಾರದವರು ನನ್ನ ಪ್ರಾಮಾಣಿಕತೆ ಅಳೆಯಲು ಬಂದರು! ಸಿಕ್ಕ ವ್ಯತ್ಯಾಸ ಎಷ್ಟು? ಏಳುನೂರು ಗ್ರಾಂ. ಅದೂ ಹೆಚ್ಚಿಗೆ ಇತ್ತು, ಒದ್ದೆ ಹಗ್ಗದ್ದು.

ನನ್ನನ್ನೇ ಕರೆದು "ಸ್ವಲ್ಪ ತೂಗಿ ತೋರಿಸಿ" ಎಂದಿದ್ದರೆ ತೋರಿಸುತ್ತಿರಲಿಲ್ಲವೇ? ನಾನು ಇವತ್ತು ಕೇಳುವುದು ಒಂದೇ. ಅಧ್ಯಕ್ಷರು ಇದೇ ಮೈಕಿನ ಮುಂದೆ ನಿಂತು ಕ್ಷಮೆ ಕೇಳಬೇಕು. ನನ್ನನ್ನಲ್ಲ, ನನ್ನ ಮಗಳನ್ನು. ಗೆದ್ದು ಒಂದು ತಿಂಗಳಾದರೂ ಆ ಹುಡುಗಿ ತಲೆ ಎತ್ತಿ "ನಾನು ಗೆದ್ದೆ" ಎನ್ನುವಂತಿಲ್ಲ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. "ದಯವಿಟ್ಟು ವಿಷಯಕ್ಕೆ ಬನ್ನಿ." ಇದೇ ವಿಷಯ ಸ್ವಾಮಿ! ಇದಲ್ಲದೆ ಇನ್ನು ಯಾವ ವಿಷಯ?

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುವ ಜಾಯಮಾನ ನನ್ನದಲ್ಲ. ಸಾಕ್ಷಿ ಬೇಕೇ? ಕೊಡುತ್ತೇನೆ. ಈ ಮಾತನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. ಕೇಳಿಸಿಕೊಳ್ಳಿ.

ಅವಳಿಗೆ ಆಗ ಹನ್ನೊಂದು ವರ್ಷ. ಇದೇ ಕ್ಲಬ್ಬಿನ ಮಕ್ಕಳ ತರಗತಿ. ಒಬ್ಬರೇ ಕೂರುವ ಪುಟ್ಟ ದೋಣಿಗಳು. ಅಲ್ಲಿ ಚೀಟಿ ಎತ್ತುವುದಿಲ್ಲ, ವರ್ಷವಿಡೀ ಒಂದು ಮಗುವಿಗೆ ಒಂದೇ ದೋಣಿ. ಮೊದಲ ಎರಡು ಭಾನುವಾರವೂ ಇವಳೇ ಮುಂದೆ ಬಂದಳು. ಎರಡನೆಯವನಾಗಿ ಬಂದ ಹುಡುಗನ ತಂದೆ, ಔಷಧಿ ಅಂಗಡಿಯವರು, ಜೆಟ್ಟಿಯ ಮೇಲೆ ನಾಲ್ಕು ಜನರ ನಡುವೆ ನಕ್ಕು, "ಶೆಡ್ಡು ನೋಡ್ಕೊಳ್ಳೋರ ಮಗಳು ಗೆಲ್ಲದೆ ಇನ್ಯಾರು ಗೆಲ್ತಾರೆ ಬಿಡಿ!" ಅಂದರು. ತಮಾಷೆಗೇ ಅಂದರು. ನಾನೂ ನಕ್ಕೆ.

ಅಂದು ಸಂಜೆ ಶೆಡ್ಡಿಗೆ ಹೋಗಿ ಅವಳ ದೋಣಿಯ ಹಲಗೆ ಬಿಚ್ಚಿದೆ. ಹಗುರಾದ ದೋಣಿಗೆ ಸೀಸ ಹಾಕುವುದು ನಿಯಮ. ಅವಳ ದೋಣಿ ಹಗುರಾಗಿರಲಿಲ್ಲ, ಎಲ್ಲವುಗಳಷ್ಟೇ ಇತ್ತು. ಆದರೂ ಹಾಕಿದೆ. ಒಂಬತ್ತು ಕಿಲೋ ಹಾಕಿದೆ! ಮುಂದಿನ ಭಾನುವಾರ ಐದನೆಯವಳಾಗಿ ಬಂದಳು. ಔಷಧಿ ಅಂಗಡಿಯವರು ನನ್ನ ಹೆಗಲ ಮೇಲೆ ಕೈಹಾಕಿ ಚಹಾ ಕೊಡಿಸಿದರು. ಆಮೇಲೆ ಯಾರೂ ಒಂದು ಮಾತು ಆಡಲಿಲ್ಲ.

ಏಳು ವರ್ಷ, ಸಭಿಕರೇ! ಅವಳು ಬೆಳೆದಂತೆ ದೋಣಿ ಬದಲಾಯಿತು. ಪ್ರತಿ ಸಲವೂ ಹಳೆಯದರಿಂದ ಸೀಸ ಬಿಚ್ಚಿ ಹೊಸದಕ್ಕೆ ನಾನೇ ಬಿಗಿದೆ. ಮಗಳಿಗೆ ಅನುಕೂಲ ಮಾಡಿಕೊಟ್ಟನಂತೆ, ನಾನು! ಇನ್ನೊಬ್ಬರು ಬೆರಳು ತೋರಿಸಬಾರದೆಂದು ಸ್ವಂತ ಮಗಳ ಕಾಲಡಿಗೆ ಭಾರ ಕಟ್ಟಿದ ಅಪ್ಪ ಇನ್ನೊಬ್ಬನಿದ್ದರೆ ತೋರಿಸಿ. ಇದಕ್ಕಿಂತ ನಿಷ್ಪಕ್ಷಪಾತ ಎಲ್ಲಿ ಸಿಗುತ್ತದೆ?

ಯಾಕೆ, ಯಾರೂ ಚಪ್ಪಾಳೆ ತಟ್ಟುತ್ತಿಲ್ಲ?

ಅವಳು ಕೇಳಲಿಲ್ಲವೇ ಎಂದು ನೀವು ಅಂದುಕೊಳ್ಳಬಹುದು. ಕೇಳಿದಳು. "ಅಪ್ಪಾ, ನಾನು ಎಲ್ಲಿ ತಪ್ಪು ಮಾಡ್ತಿದೀನಿ? ಶುರುವಲ್ಲಿ ಮುಂದೆ ಇರ್ತೀನಿ, ಆಮೇಲೆ ಎಲ್ಲರೂ ದಾಟ್ಕೊಂಡು ಹೋಗ್ತಾರೆ" ಅಂದಳು. "ಇನ್ನೂ ಅಭ್ಯಾಸ ಮಾಡು" ಅಂದೆ. ಮಾಡಿದಳು. ಶಾಲೆಗೆ ಮೊದಲು, ಶಾಲೆ ಬಿಟ್ಟ ಮೇಲೆ, ಅಂಗೈಯಲ್ಲಿ ಬೊಬ್ಬೆ ಬಂದು ಒಡೆಯುವ ತನಕ ಮಾಡಿದಳು. ಅವಳ ತಾಯಿಗೆ ಕಣ್ಣಿನ ಮೇಲೆ ಅನುಮಾನ. "ಗಾಳಿ ಬಂದಾಗ ನೀರಿನ ಮೇಲೆ ಸಣ್ಣ ಅಲೆ ಏಳೋದು ಮಗೂಗೆ ಕಾಣಿಸ್ತಿಲ್ವೇನೋ ರೀ, ಒಂದ್ಸಲ ತೋರಿಸೋಣ" ಎಂದು ಹಟ ಹಿಡಿದಳು. ಮೂವರೂ ಕಣ್ಣಿನ ವೈದ್ಯರಲ್ಲಿಗೆ ಹೋದೆವು. ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳನ್ನೂ ಪಟಪಟನೆ ಓದಿದಳು. "ಕಣ್ಣು ಚೆನ್ನಾಗಿದೆ, ಕನ್ನಡಕ ಬೇಡ" ಎಂದರು ವೈದ್ಯರು. ಹುಡುಗಿ ಜೋರಾಗಿ ಅಳಲು ಶುರುಮಾಡಿದಳು. ಕಣ್ಣು ಚೆನ್ನಾಗಿದೆ ಎಂದರೆ ಅಳುವ ಮಗುವನ್ನು ಅವರು ಅದೇ ಮೊದಲು ನೋಡಿದ್ದಂತೆ. ಕನ್ನಡಕ ಹಾಕಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಅವಳು ನಂಬಿಕೊಂಡಿದ್ದಳು.

ನಾನು ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದೆ. ಬಾಯಿ ಬಿಡಲಿಲ್ಲ.

ಹದಿನೆಂಟಕ್ಕೆ ಬಿಟ್ಟಳು. "ನನ್ನ ಕೈಲಿ ಆಗಲ್ಲ ಅಪ್ಪಾ, ನಾನು ನಿಧಾನ" ಅಂದಳು. ನಾಲ್ಕು ವರ್ಷ ನೀರಿನ ಕಡೆ ಮುಖ ಹಾಕದೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕುಳಿತಳು. ಆಮೇಲೆ ಕೆಲಸ ಬೇರೆ ಊರಿಗೆ ಹೋಯಿತು. ಅಲ್ಲಿನ ಕ್ಲಬ್ಬಿನಲ್ಲಿ ಯಾರೋ ಗೆಳತಿ ಒತ್ತಾಯ ಮಾಡಿ ದೋಣಿ ಹತ್ತಿಸಿದರೆ, ಮೊದಲ ದಿನವೇ ಎಲ್ಲರನ್ನೂ ಹಿಂದೆ ಹಾಕಿದಳು. ಫೋನು ಮಾಡಿ, "ಇಲ್ಲಿನ ಗಾಳಿ ನಂಗೆ ಒಗ್ಗುತ್ತೆ ಅನ್ಸುತ್ತೆ ಅಪ್ಪಾ" ಅಂದಳು. "ಇರಬಹುದಮ್ಮ" ಅಂದೆ. ಗಾಳಿಯಂತೆ, ಗಾಳಿ! ಇಲ್ಲಿನ ಗಾಳಿಗೇನಾಗಿತ್ತು?

ಮಗಳೇ, ಕೂತ್ಕೋ. ಯಾಕೆ ಎದ್ದೆ? ಇನ್ನೂ ಮುಗಿದಿಲ್ಲ. ಸ್ವಲ್ಪ ಕೂತ್ಕೊಳ್ಳಮ್ಮಾ.

ಹೋದಳು.

ಬಾಗಿಲು ಹಾಕಿಕೊಂಡದ್ದು ನಿಮಗೂ ಕೇಳಿಸಿತು. ಅವಳ ತಾಯಿ ಮಾತ್ರ ಅಲ್ಲೇ ಕುಳಿತು ನನ್ನನ್ನೇ ನೋಡುತ್ತಿದ್ದಾಳೆ. ಮದುವೆಯಾಗಿ ಮೂವತ್ತೈದು ವರ್ಷವಾಯಿತು, ಹೀಗೆ ಒಂದು ದಿನವೂ ನೋಡಿರಲಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ಅಧ್ಯಕ್ಷರೇ, ನಿಮ್ಮ ಮೇಲಿನ ಸಿಟ್ಟು ನನಗೆ ಇಳಿದಿಲ್ಲ, ಇಳಿಯುವುದೂ ಇಲ್ಲ. ನೀವು ಒಂದು ದಿನ ಕದ್ದು ತೂಗಿದ್ದು ತಪ್ಪೇ. ಆದರೆ ಏಳು ವರ್ಷ ಕದ್ದು ತೂಕ ಹಾಕಿದವನು ನಿಮ್ಮ ಮುಂದೆ ನಿಂತಿದ್ದಾನೆ. ಅವಳ ಕ್ಷಮೆ ಕೇಳುವವರ ಸರದಿಯಲ್ಲಿ ನಿಮಗಿಂತ ಮುಂದೆ ನಾನಿದ್ದೇನೆ. ನನ್ನದಾದ ಮೇಲೆ ನೀವು ಬನ್ನಿ, ಬರಲೇಬೇಕು, ಬಿಡುವುದಿಲ್ಲ.

ಕರೆದವರಿಗೆ, ಬಂದವರಿಗೆ, ಇಷ್ಟನ್ನೂ ಕೇಳಿಸಿಕೊಂಡವರಿಗೆ ನನ್ನ ವಂದನೆಗಳು. ಉಳಿದದ್ದನ್ನು ಮೈಕಿಲ್ಲದೆ ಹೇಳಬೇಕು, ಅದಕ್ಕೆ ಈಗಲೇ ಇಳಿಯುತ್ತಿದ್ದೇನೆ. ದಯವಿಟ್ಟು ದಾರಿ ಬಿಡಿ. ಅವಳು ಗೇಟು ದಾಟುವುದರೊಳಗೆ ಹೋಗಿ ಮುಟ್ಟುತ್ತೇನೋ ಇಲ್ಲವೋ ಗೊತ್ತಿಲ್ಲ, ಏಕೆಂದರೆ ನನ್ನ ಮಗಳು ನಿಧಾನ ಅಲ್ಲ. ಎಂದೂ ನಿಧಾನ ಇರಲಿಲ್ಲ. ನಮಸ್ಕಾರ.